ಸೈಕಲ್ ಗಾಲಿ, ಬಿಡಿಭಾಗ ಕೊಳ್ಳುವವರಿಗೆ: ಅಳತೆಯಿಂದ ವಾರಂಟಿ ದೂರಿನವರೆಗೆ ಸಮಗ್ರ ಮಾರ್ಗದರ್ಶಿ

ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳು ಕರ್ನಾಟಕದ ಸೈಕ್ಲಿಂಗ್‌ಗೆ ದಶಕಗಳಿಂದ ಹುಡುಗ ಹುಡುಗಿಯರನ್ನು ಕೊಡುತ್ತ ಬಂದಿವೆ. ವಿಜಯಪುರ, ಬಾಗಲಕೋಟೆಯ ಕ್ರೀಡಾ ವಸತಿ ನಿಲಯಗಳು, ರಾಮದುರ್ಗ ತಾಲ್ಲೂಕಿನ ಚಂದರಗಿಯ ಕ್ರೀಡಾ ಶಾಲೆ ಇದಕ್ಕೆ ಹೆಸರಾದವು. ಈ ಮಕ್ಕಳಲ್ಲಿ ಬಹಳ ಜನ ಒಕ್ಕಲುತನದ ಮನೆಗಳಿಂದ ಬಂದವರು. ಈರುಳ್ಳಿ ಮಾರಿದ ದುಡ್ಡೋ ಕಬ್ಬಿನ ಬಿಲ್ಲೋ ಬಂದಾಗ ಮಗಳಿಗೊಂದು ಜೊತೆ ಒಳ್ಳೆಯ ಗಾಲಿ ಕೊಡಿಸುವ ತಂದೆಗೆ ಆ ಖರೀದಿ ಸಣ್ಣದಲ್ಲ. ಅದು ಆರು ತಿಂಗಳಲ್ಲಿ ಕಡ್ಡಿ ಮುರಿದು ಮೂಲೆ ಸೇರಿದರೆ, ಅಂಗಡಿಯವರು ಕಂಪನಿಯತ್ತ, ಕಂಪನಿಯವರು ಆಮದುದಾರರತ್ತ ಕೈ ತೋರಿಸಿದರೆ, ನಷ್ಟವಾಗುವುದು ಹಣ ಮಾತ್ರವಲ್ಲ. ಆ ಮಗುವಿನ ಒಂದು ಹಂಗಾಮಿನ ಸ್ಪರ್ಧೆಗಳೇ ಕೈತಪ್ಪುತ್ತವೆ.

ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಭಾಗದ ಗ್ರಾಹಕರಿಗೆ ವಾರಂಟಿ ಎರಡು ವರ್ಷವೋ ಐದು ವರ್ಷವೋ ಎಂಬುದು ಎರಡನೆಯ ಪ್ರಶ್ನೆ. ಗಾಲಿ ಕೆಟ್ಟಾಗ ಯಾರ ಬಾಗಿಲಿಗೆ ಹೋಗಬೇಕು, ಅಲ್ಲಿಗೆ ಅದನ್ನು ತಲುಪಿಸಲು ಎಷ್ಟು ಖರ್ಚಾಗುತ್ತದೆ, ಅದರ ಕಡ್ಡಿಯೂ ಬೇರಿಂಗೂ ನಮ್ಮೂರಿನಲ್ಲಿ ಸಿಗುತ್ತವೆಯೇ ಎಂಬುದು ಮೊದಲನೆಯದು. ರಿಯಾಯಿತಿಯನ್ನೂ ಇದೇ ಅಳತೆಗೋಲಿನಿಂದ ಅಳೆಯಬೇಕು.

ಹೆಜ್ಜೆ 1: ಇರುವ ಸೈಕಲ್ಲನ್ನು ಅಳೆಯಿರಿ

ರಿಯಾಯಿತಿ ನೋಡಿ ಕೊಂಡ ಗಾಲಿ ಸೈಕಲ್ಲಿಗೆ ಕೂರದಿದ್ದರೆ ಯಾವ ವಾರಂಟಿಯೂ ಅದಕ್ಕೆ ಅನ್ವಯಿಸುವುದಿಲ್ಲ, ಏಕೆಂದರೆ ಅದು ದೋಷವಲ್ಲ. ಆದ್ದರಿಂದ ಅಳತೆಗೆ ಅರ್ಧ ಗಂಟೆ ಕೊಡಿ.

ಇಂಚಿನ ಲೆಕ್ಕವನ್ನು ನಂಬಬೇಡಿ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಮೂರಂಕಿಯ ಸಂಖ್ಯೆಯನ್ನು ಓದಿ. 25-622 ಎಂದಿದ್ದರೆ 25 ಎಂಬುದು ಟೈರಿನ ಅಗಲ, 622 ಎಂಬುದು ಟೈರು ಕೂರುವ ಜಾಗದಲ್ಲಿ ರಿಮ್ಮಿನ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ರಸ್ತೆ ಸೈಕಲ್ಲಿನ 700ಸಿ ಮತ್ತು ಎಂಟಿಬಿಯ, ಅಂದರೆ ದಪ್ಪ ಟೈರಿನ ಮೌಂಟನ್ ಬೈಕಿನ, 29 ಇಂಚು ಎರಡೂ 622. ಎಂಟಿಬಿಯ 27.5 ಇಂಚು ಎಂದರೆ 584. 26 ಇಂಚಿನಲ್ಲಿಯೇ ಹಲವು ಬಗೆಗಳಿವೆ: ಎಂಟಿಬಿಯದು 559, 26×1½ ಎಂಬುದು 584, 26×1⅜ ಎಂಬುದು 590. ಹಾಲಿನ ಕ್ಯಾನು ಹೇರುವ ನಮ್ಮ ದೊಡ್ಡ ಕರಿ ಸೈಕಲ್ಲಿನ 28×1½ ಎಂದರೆ 635. ಕೆಲವರು 700ಸಿಯನ್ನೂ 28 ಇಂಚು ಎನ್ನುತ್ತಾರೆ. ಎರಡರ ನಡುವೆ 13 ಮಿಲಿಮೀಟರು ಅಂತರವಿದೆ, ಒಂದರ ಟೈರು ಇನ್ನೊಂದಕ್ಕೆ ಕೂರುವುದಿಲ್ಲ.

ಆಮೇಲೆ ಗಾಲಿ ಬಿಚ್ಚಿ ಫ್ರೇಮಿನ ಎರಡು ಕಾಲುಗಳ ಒಳ ಅಂತರ ಅಳೆಯಿರಿ. ಸಾಮಾನ್ಯ ಗೇರ್ ಸೈಕಲ್ಲುಗಳಲ್ಲಿ ಮುಂದೆ 100 ಮಿಲಿಮೀಟರು ಇರುತ್ತದೆ. ಹಿಂದೆ ಹಳೆಯ ರಸ್ತೆ ಸೈಕಲ್ಲಿಗೆ 130, ಎಂಟಿಬಿಗೆ 135. ಗಾಲಿಯ ಅಚ್ಚು (ಆಕ್ಸಲ್) ಫ್ರೇಮಿನೊಳಗೆ ತೂರಿ ತಿರುಪಿನಿಂದ ಬಿಗಿಯುವ ಹೊಸ ಬಗೆಯಾದರೆ ಹಿಂದೆ 142 ಅಥವಾ 148, ಅಚ್ಚಿನ ದಪ್ಪ 12. ಟ್ರ್ಯಾಕ್ ಸೈಕಲ್ಲಿಗೆ ಹಿಂದೆ 120.

ಹಿಂದಿನ ಹಲ್ಲುಚಕ್ರದ ಬಗೆಯಲ್ಲಿ ಎಡವುವವರು ಹೆಚ್ಚು. ಪೆಡಲನ್ನು ಹಿಂದಕ್ಕೆ ತಿರುಗಿಸಿ, ಹಲ್ಲುಚಕ್ರದ ಮಧ್ಯದಲ್ಲಿ ಪಾನಾ ಕೂರುವ ಖಾಚನ್ನು ಗಮನಿಸಿ. ಹಲ್ಲುಗಳ ಜೊತೆ ಅದೂ ತಿರುಗಿದರೆ ನಿಮ್ಮದು ಕೊಳವೆಯ ಮೇಲೆ ಜಾರಿಸಿ ಕೂರಿಸುವ ಕ್ಯಾಸೆಟ್. ಹಲ್ಲು ತಿರುಗಿ ಅದು ಸುಮ್ಮನೆ ನಿಂತರೆ ತಿರುಪಿನ ಮೇಲೆ ಕೂರುವ ಫ್ರೀವ್ಹೀಲ್. ನಮ್ಮಲ್ಲಿ ಮಾರಾಟವಾಗುವ 6, 7 ಗೇರಿನ ಕಡಿಮೆ ಬೆಲೆಯ ಸೈಕಲ್ಲುಗಳಲ್ಲಿ ಹೆಚ್ಚಿನವು ಎರಡನೆಯ ಬಗೆಯವು. ಇದಕ್ಕೆ ಕ್ಯಾಸೆಟ್ ಗಾಲಿ ತಂದರೆ ಕ್ಯಾಸೆಟ್ಟನ್ನೂ ಕೊಳ್ಳಬೇಕಾಗುತ್ತದೆ, ಕೆಲವೊಮ್ಮೆ ಚೈನನ್ನೂ. ಕ್ಯಾಸೆಟ್ ಇರುವವರು ಹಬ್ಬಿನ (ಕಡ್ಡಿಗಳು ಸೇರುವ ಗಾಲಿಯ ನಡುಭಾಗದ) ಮೇಲೆ ಅದು ಕೂರುವ ಕೊಳವೆಯ ಬಗೆಯನ್ನೂ ತಿಳಿದಿರಬೇಕು. ಬಿಡಿಭಾಗ ತಯಾರಿಸುವ ಶಿಮಾನೊ ಕಂಪನಿಯ 11 ಗೇರಿನ ರಸ್ತೆ ಕ್ಯಾಸೆಟ್ಟಿಗೆ ಬೇಕಾದ ಕೊಳವೆ ಹಳೆಯ 8, 9, 10 ಗೇರಿನದಕ್ಕಿಂತ 1.85 ಮಿಲಿಮೀಟರು ಉದ್ದ. ಉದ್ದದ್ದರ ಮೇಲೆ ಬಳೆ ಹಾಕಿ ಹಳೆಯ ಕ್ಯಾಸೆಟ್ ಕೂರಿಸಬಹುದು, ಆದರೆ ಗಿಡ್ಡದ್ದರ ಮೇಲೆ 11 ಗೇರಿನ ರಸ್ತೆ ಕ್ಯಾಸೆಟ್ ಸಾಮಾನ್ಯವಾಗಿ ಕೂರುವುದಿಲ್ಲ. ಶಿಮಾನೊ 12 ಗೇರಿನ ಎಂಟಿಬಿ ಕ್ಯಾಸೆಟ್ಟಿಗೆ ಮೈಕ್ರೊ ಸ್ಪ್ಲೈನ್, ಇನ್ನೊಂದು ಕಂಪನಿಯಾದ ಸ್ರಾಮ್‌ನ ಹಲವು 11, 12 ಗೇರಿನ ಎಂಟಿಬಿ ಕ್ಯಾಸೆಟ್ಟುಗಳಿಗೆ ಎಕ್ಸ್‌ಡಿ ಎಂಬ ಬೇರೆಯೇ ಕೊಳವೆಗಳಿವೆ.

ಡಿಸ್ಕ್ ಬ್ರೇಕ್ ಇದ್ದರೆ ತಟ್ಟೆ ಆರು ಬೋಲ್ಟಿನದೋ, ನಡುವೆ ಒಂದೇ ಬಳೆ ಬಿಗಿಯುವುದೋ ನೋಡಿ. ಇವೆಲ್ಲವುಗಳ ಫೋಟೋ ಮೊಬೈಲಿನಲ್ಲಿರಲಿ. ಅಂಗಡಿಯವನಿಗೆ ಫೋನಿನಲ್ಲಿ ವಿವರಿಸುವುದಕ್ಕಿಂತ ಫೋಟೋ ಕಳಿಸುವುದು ಲೇಸು, ಮುಂದೆ ತಕರಾರು ಬಂದರೆ ನೀವು ಕೇಳಿದ್ದೇನು ಎಂಬುದಕ್ಕೆ ಅದೇ ದಾಖಲೆ.

ಹೆಜ್ಜೆ 2: ನಮ್ಮ ರಸ್ತೆಗೆ ಯಾವ ಗಾಲಿ

ವಿಜಯಪುರದ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಮಳೆ ಬಿದ್ದ ಮರುದಿನ ಎರೆಮಣ್ಣು ಟೈರಿಗೂ ಬ್ರೇಕಿಗೂ ಮೆತ್ತಿಕೊಂಡು ಗಾಲಿಯನ್ನೇ ನಿಲ್ಲಿಸುತ್ತದೆ. ಹೊಲದ ದಾರಿಯಲ್ಲಿ ಜಾಲಿಮುಳ್ಳು. ಕಬ್ಬಿನ ಹಂಗಾಮಿನಲ್ಲಿ ಜಮಖಂಡಿ, ಮುಧೋಳದ ಕಡೆ ಟ್ರ್ಯಾಕ್ಟರುಗಳು ರಸ್ತೆಯ ಅಂಚನ್ನು ಕಿತ್ತಿಟ್ಟಿರುತ್ತವೆ. ಬೆಳಗಾವಿಯಿಂದ ಚೋರ್ಲಾ ಘಾಟಿನ ಕಡೆ ಹೊರಟರೆ ಮಳೆಗಾಲವಿಡೀ ನೀರು, ಇಳಿಜಾರು, ಸವೆಯುವ ಬ್ರೇಕು. ಇಂಥ ಕಡೆ ನಾನು ಹಗುರವಾದ, ಕಡಿಮೆ ಕಡ್ಡಿಯ ಗಾಲಿಯನ್ನು ದಿನನಿತ್ಯದ ಅಭ್ಯಾಸಕ್ಕೆ ಎಂದೂ ಸೂಚಿಸುವುದಿಲ್ಲ, ಅದು ಅರ್ಧ ಬೆಲೆಗೆ ಸಿಕ್ಕರೂ ಸರಿಯೇ.

ನನ್ನ ಆಯ್ಕೆ ಹೀಗಿದೆ: ಎರಡು ಗೋಡೆಯ ಅಲ್ಯುಮಿನಿಯಂ ರಿಮ್, 28 ಅಥವಾ 32 ಕಡ್ಡಿ, ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ಹಿತ್ತಾಳೆಯ ನಿಪ್ಪಲ್, ತಲೆಯ ಬಳಿ ಬಾಗಿರುವ ಮಾಮೂಲಿ ಬಗೆಯ ದುಂಡು ಕಡ್ಡಿ. ಬಾಗಿದ ಕಡ್ಡಿ ಮುರಿದರೆ ಅದೇ ಉದ್ದದ್ದು ವಿಜಯಪುರದಲ್ಲಿ ಸಿಗದಿದ್ದರೂ ಸೊಲ್ಲಾಪುರದಲ್ಲೋ ಹುಬ್ಬಳ್ಳಿಯಲ್ಲೋ ಸಿಗುವ ಸಾಧ್ಯತೆ ಇದೆ. ನೇರ ತಲೆಯ, ಚಪ್ಪಟೆ, ಒಂದೇ ಕಂಪನಿಗೆ ಸೇರಿದ ವಿಶೇಷ ಕಡ್ಡಿಯಾದರೆ ಒಂದು ಕಡ್ಡಿಗಾಗಿ ವಾರಗಟ್ಟಲೆ ಕಾಯಬೇಕು. ಅಂಥ ಗಾಲಿಯನ್ನೇ ಕೊಳ್ಳುವುದಿದ್ದರೆ ಎಡ, ಬಲ, ಮುಂದಿನ ಅಳತೆಯ ಎರಡೆರಡು ಕಡ್ಡಿಗಳನ್ನು ಆ ದಿನವೇ ಜೊತೆಗೆ ಕೊಳ್ಳಿ.

ಬೇರಿಂಗ್ ಸಂಖ್ಯೆಯನ್ನೂ ಕೇಳಿ. 6902 ಎಂದರೆ 15×28×7 ಮಿಲಿಮೀಟರಿನದು, 6001 ಎಂದರೆ 12×28×8. ಇಂಥ ಸಾಮಾನ್ಯ ಸಂಖ್ಯೆಯ ಬೇರಿಂಗುಗಳು ಸೈಕಲ್ ಅಂಗಡಿಯಲ್ಲಿ ಇಲ್ಲದಿದ್ದರೂ ಮೋಟಾರು, ಪಂಪ್‌ಸೆಟ್ ಬಿಡಿಭಾಗ ಮಾರುವ ಅಂಗಡಿಯಲ್ಲಿ ಸಿಗುತ್ತವೆ. ಎರಡೂ ಕಡೆ ರಬ್ಬರ್ ಮುಚ್ಚಳವಿರುವುದನ್ನೇ ಕೇಳಿ ಪಡೆಯಬೇಕು. ಬಿಡಿ ಗುಂಡುಗಳ ಹಳೆಯ ಹಬ್ಬುಗಳೂ ಕೆಟ್ಟವಲ್ಲ. ಮುಂದೆ 3/16, ಹಿಂದೆ 1/4 ಇಂಚಿನ ಗುಂಡು ಪ್ರತಿ ಊರಿನಲ್ಲೂ ಸಿಗುತ್ತದೆ, ಗ್ರೀಸು ತುಂಬಿಸಲು ಬರುವ ಮಿಸ್ತ್ರಿಯೂ ಇರುತ್ತಾನೆ.

ಕಂಪನಿಯ ಪುಸ್ತಿಕೆಯಲ್ಲಿ ಸವಾರ ಮತ್ತು ಸೈಕಲ್ಲಿನ ಒಟ್ಟು ತೂಕದ ಮಿತಿ ಇರುತ್ತದೆ. 1ರಿಂದ 5ರವರೆಗಿನ ಬಳಕೆಯ ವರ್ಗವೂ ಹಲವು ಗಾಲಿಗಳಿಗೆ ನಮೂದಾಗಿರುತ್ತದೆ. ವರ್ಗ 1 ಎಂದರೆ ಡಾಂಬರು ರಸ್ತೆ ಮಾತ್ರ, ವರ್ಗ 2 ಎಂದರೆ ಕಚ್ಚಾ ದಾರಿ, ಸಣ್ಣ ಕುಪ್ಪಳಿಕೆಗಳೂ ಸೇರಿದವು. ವರ್ಗ 1ರ ಗಾಲಿಯನ್ನು ತೋಟದ ದಾರಿಯಲ್ಲಿ ಓಡಿಸಿ ಮುರಿದರೆ ಕಂಪನಿ ಇದೇ ಸಾಲನ್ನು ತೋರಿಸಿ ದೂರನ್ನು ತಳ್ಳಿಹಾಕಬಹುದು. ನಮ್ಮ ಭಾಗದವರಿಗೆ ವರ್ಗ 2ಕ್ಕಿಂತ ಕೆಳಗಿನದು ಬೇಡ.

ಹೆಜ್ಜೆ 3: ರಿಯಾಯಿತಿಯ ನಿಜ ಬೆಲೆ ಲೆಕ್ಕ ಹಾಕಿ

2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಅದರ ಬಿಡಿಭಾಗಗಳ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ತೆರಿಗೆ ಬಿಟ್ಟು 10,000 ರೂಪಾಯಿಯ ಗಾಲಿ ಹಿಂದೆ 11,200 ಆಗುತ್ತಿತ್ತು, ಈಗ 10,500. ಆ 700 ರೂಪಾಯಿ ಸರ್ಕಾರ ಬಿಟ್ಟುಕೊಟ್ಟ ತೆರಿಗೆ. ಹಳೆಯ ದಾಸ್ತಾನಿನ ಎಂಆರ್‌ಪಿ ಚೀಟಿ ತೋರಿಸಿ ಅದನ್ನೇ ‘ಹಬ್ಬದ ಸೋಡಿ’ ಎಂದರೆ ಒಪ್ಪಬೇಡಿ. ರಿಯಾಯಿತಿಯನ್ನು ಎಂಆರ್‌ಪಿಯಿಂದ ಅಳೆಯುವ ಬದಲು ಅದೇ ಗಾಲಿಗೆ ಮೂರು ಕಡೆ ಸಿಗುವ ನಿಜ ಮಾರಾಟ ಬೆಲೆಗಳನ್ನು ಹೋಲಿಸಿ ನೋಡಿ.

ದಸರಾ, ದೀಪಾವಳಿಯ ಹೊತ್ತಿನಲ್ಲಿ ಆನ್‌ಲೈನ್ ಮಳಿಗೆಗಳ ಬೆಲೆ ಇಳಿಯುವುದು ಎಲ್ಲರಿಗೂ ಗೊತ್ತು. ನಾನು ಹೆಚ್ಚು ಗಮನಿಸುವುದು ಮಾದರಿ ಬದಲಾಗುವ ಕಾಲವನ್ನು. ಕಂಪನಿಗಳು ರಸ್ತೆ ಸೈಕಲ್ಲುಗಳನ್ನು ಡಿಸ್ಕ್ ಬ್ರೇಕಿಗೆ ಬದಲಾಯಿಸಿದ ಮೇಲೆ ರಿಮ್ ಬ್ರೇಕಿನ ಒಳ್ಳೆಯ ಗಾಲಿಗಳು ಉಳಿಕೆ ದಾಸ್ತಾನಾಗಿ ಅಗ್ಗಕ್ಕೆ ಬರುತ್ತಿವೆ. ಹಳೆಯ ರಸ್ತೆ ಸೈಕಲ್ಲಿನಲ್ಲಿ ತರಬೇತಿ ಮಾಡುವ ನಮ್ಮ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಅವಕಾಶವಿಲ್ಲ. ಒಂದೇ ಎಚ್ಚರಿಕೆ, ವಾರಂಟಿಯಲ್ಲಿ ಬದಲಿ ಕೊಡಲು ಆ ರಿಮ್ ಇನ್ನೂ ತಯಾರಾಗುತ್ತಿದೆಯೇ, ಇಲ್ಲದಿದ್ದರೆ ಏನು ಕೊಡುತ್ತೀರಿ ಎಂದು ಬರವಣಿಗೆಯಲ್ಲಿ ಕೇಳಿ.

ಕೆಲವು ಅಗ್ಗದ ಗಾಲಿಗಳು ಅಗ್ಗವಾಗಿರುವುದಕ್ಕೆ ಕಾರಣವಿರುತ್ತದೆ. ಟೈರನ್ನು ಅಂಟಿನಿಂದ ಕೂರಿಸುವ ಟ್ಯೂಬ್ಯುಲರ್ ಗಾಲಿ ವೆಲೊಡ್ರೋಮಿಗೆ, ಅಂದರೆ ಟ್ರ್ಯಾಕ್ ಸ್ಪರ್ಧೆಯ ಅಂಗಳಕ್ಕೆ ಸರಿ, ಜಾಲಿಮುಳ್ಳಿನ ದಾರಿಗೆ ಸಲ್ಲದು. ಒಳ ಅಂಚಿನಲ್ಲಿ ಕೊಕ್ಕೆಯಿಲ್ಲದ ರಿಮ್ಮಿಗೆ ಅದಕ್ಕೆಂದೇ ಒಪ್ಪಿತವಾದ ಟ್ಯೂಬ್‌ಲೆಸ್ ಟೈರು ಬೇಕು, ಗಾಳಿ 5 ಬಾರ್, ಅಂದರೆ ಸುಮಾರು 72 ಪಿಎಸ್‌ಐ ಮೀರುವಂತಿಲ್ಲ. ಪಂಕ್ಚರ್ ಅಂಗಡಿಯಲ್ಲಿ ಕಂಪ್ರೆಸರ್ ಹಿಡಿದು ಅಂದಾಜಿನ ಮೇಲೆ ಗಾಳಿ ತುಂಬಿಸುವವರಿಗೆ ಇದು ನಿಜಕ್ಕೂ ಅಪಾಯಕಾರಿ.

ಈಗ ಸಾಗಣೆಯ ಲೆಕ್ಕ. ಹಲವು ಕೊರಿಯರ್ ಸಂಸ್ಥೆಗಳು ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ರಿಂದ ಭಾಗಿಸಿ ಬರುವ ಸಂಖ್ಯೆಯನ್ನು ಕಿಲೋ ತೂಕವೆಂದು ಹಿಡಿಯುತ್ತವೆ. ಜೊತೆ ಗಾಲಿಯ ಪೆಟ್ಟಿಗೆ 70×70×30 ಇದ್ದರೆ ಉತ್ತರ 29.4. ಎರಡು ಕಿಲೋ ಗಾಲಿಗೆ 29 ಕಿಲೋದ ಬಾಡಿಗೆ! ಬರುವಾಗ ಮಾರಾಟಗಾರರು ‘ಉಚಿತ ಸಾಗಣೆ’ ಎಂದಿರಬಹುದು, ವಾರಂಟಿಗಾಗಿ ಹಿಂದಕ್ಕೆ ಕಳಿಸುವಾಗ ಆ ಬಾಡಿಗೆ ಯಾರದು? ಹೆಚ್ಚಿನ ವಾರಂಟಿಗಳಲ್ಲಿ ಅದು ಗ್ರಾಹಕನದೇ. ಆನ್‌ಲೈನ್‌ನಲ್ಲಿ 14,000ಕ್ಕೆ ಸಿಗುವ ಗಾಲಿ ಬೆಳಗಾವಿಯ ಅಂಗಡಿಯಲ್ಲಿ 15,500 ಎಂದಿಟ್ಟುಕೊಳ್ಳಿ. ಅಂಗಡಿಯವರು ಕೂರಿಸಿ ಕೊಟ್ಟು, ತಿಂಗಳ ನಂತರ ಬೆಂಡ್ ತೆಗೆದು, ಕೆಟ್ಟರೆ ತಮ್ಮ ಮುಂದಿನ ಸರಕಿನ ಜೊತೆ ಕಂಪನಿಗೆ ಕಳಿಸಲು ಒಪ್ಪಿದರೆ ಆ 1,500 ರೂಪಾಯಿ ನನ್ನ ಪ್ರಕಾರ ಅಗ್ಗದ ವಿಮೆ. ಚೌಕಾಶಿಯನ್ನೂ ಬೆಲೆಗಿಂತ ಇಂಥ ಸೇವೆಗಳ ಮೇಲೆ ಮಾಡಿ. ಅಂಗಡಿಯವನಿಗೆ ನೂರು ರೂಪಾಯಿ ಬಿಡುವುದು ಕಷ್ಟ, ಒಂದು ಸಲ ಬೆಂಡ್ ತೆಗೆದುಕೊಡುವುದು ಸುಲಭ.

ಟೈರು, ಟ್ಯೂಬು, ಚೈನು, ಬ್ರೇಕ್ ಪ್ಯಾಡುಗಳ ವಿಷಯ ಬೇರೆ. ಅವು ಸವೆಯುವ ವಸ್ತುಗಳು, ಅವುಗಳ ವಾರಂಟಿ ಹೆಸರಿಗಷ್ಟೇ. ನಾಲ್ಕೈದು ಸವಾರರು ಸೇರಿ ಒಟ್ಟಿಗೆ ಆನ್‌ಲೈನ್‌ನಲ್ಲಿ ತರಿಸಿ, ಎಲ್ಲಿ ಅಗ್ಗವೋ ಅಲ್ಲಿ ಕೊಳ್ಳಿ. ಟ್ಯೂಬ್‌ಲೆಸ್ ಟೈರಿನ ತೂತು ಮುಚ್ಚುವ ದ್ರವವನ್ನು ಮಾತ್ರ ಹಬ್ಬದ ರಿಯಾಯಿತಿಯಲ್ಲಿ ಡಬ್ಬಗಟ್ಟಲೆ ಕೂಡಿಡಬೇಡಿ, ನಮ್ಮ ಬಿಸಿಲಿಗೆ ಅದು ಬೇಗ ಒಣಗುತ್ತದೆ.

ಪೆಟ್ಟಿಗೆಯಿಲ್ಲದೆ ಪ್ಲಾಸ್ಟಿಕ್ ಚೀಲದಲ್ಲಿ ಬರುವ ‘ಹೊಸ’ ಡಿರೈಲರ್ (ಗೇರು ಬದಲಿಸಲು ಚೈನನ್ನು ಸರಿಸುವ ಭಾಗ), ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಇತ್ಯಾದಿಗಳು ಹಲವು ಬಾರಿ ಹೊಸ ಸೈಕಲ್ಲುಗಳಿಂದ ಬಿಚ್ಚಿದವು, ಇಲ್ಲವೇ ಸೈಕಲ್ ತಯಾರಕರಿಗೆಂದು ಪೂರೈಕೆಯಾದವು. ವಸ್ತು ಅಸಲಿಯೇ ಇರಬಹುದು, ಆದರೆ ಅದರ ವಾರಂಟಿ ಸಾಮಾನ್ಯವಾಗಿ ಆ ಸೈಕಲ್ಲಿನ ಕಂಪನಿಯ ಮೂಲಕವೇ ನಡೆಯುತ್ತದೆ, ಬಿಡಿಯಾಗಿ ಕೊಂಡ ನಿಮಗೆ ದಕ್ಕುವುದು ಕಷ್ಟ. ಬೆಲೆಯನ್ನು ವಾರಂಟಿ ಇಲ್ಲದ ವಸ್ತುವೆಂದೇ ಕಟ್ಟಿ.

ಬಳಸಿದ ಗಾಲಿಗೂ ಇದೇ ಮಾತು. ಹೆಚ್ಚಿನ ವಾರಂಟಿಗಳು ಮೊದಲ ಒಡೆಯನಿಗೆ ಮಾತ್ರ. ರಿಮ್ ಬ್ರೇಕಿನದಾದರೆ ಬ್ರೇಕ್ ತಾಗುವ ಪಟ್ಟಿಯಲ್ಲಿರುವ ಸಣ್ಣ ಗೆರೆಯೋ ಚುಕ್ಕೆಯೋ ಮಾಯವಾಗಿದೆಯೇ ನೋಡಿ, ಮಾಯವಾಗಿದ್ದರೆ ರಿಮ್ಮಿನ ಆಯುಷ್ಯ ಮುಗಿದಿದೆ. ಕಡ್ಡಿಯ ತೂತುಗಳ ಸುತ್ತ ಸಣ್ಣ ಬಿರುಕುಗಳಿಗಾಗಿ ಬೆಳಕಿನಲ್ಲಿ ಹುಡುಕಿ. ಬಳಸಿದ ಶಿಮಾನೊ ಕ್ರ್ಯಾಂಕ್ ಕೊಳ್ಳುವವರು ಇನ್ನೊಂದು ತಿಳಿದಿರಬೇಕು: 2012ರ ಜೂನ್‌ನಿಂದ 2019ರ ಜೂನ್‌ವರೆಗೆ ತಯಾರಾದ, ಎರಡು ಹೋಳುಗಳನ್ನು ಅಂಟಿಸಿದ 11 ಗೇರಿನ ಅಲ್ಟೆಗ್ರಾ ಮತ್ತು ಡ್ಯುರಾ-ಏಸ್ ಕ್ರ್ಯಾಂಕ್‌ಗಳು ಬಿಟ್ಟುಕೊಳ್ಳುವ ಸಾಧ್ಯತೆಯಿಂದ 2023ರ ಸೆಪ್ಟೆಂಬರ್‌ನಲ್ಲಿ ಕಂಪನಿ ಜಗತ್ತಿನಾದ್ಯಂತ ತಪಾಸಣೆ ಮತ್ತು ಬದಲಿ ಕೊಡುವ ಯೋಜನೆ ಪ್ರಕಟಿಸಿತು. ಎಫ್‌ಸಿ-6800, ಎಫ್‌ಸಿ-9000, ಎಫ್‌ಸಿ-ಆರ್8000, ಎಫ್‌ಸಿ-ಆರ್9100, ಎಫ್‌ಸಿ-ಆರ್9100ಪಿ ಎಂಬ ಮಾದರಿಗಳಿದ್ದರೆ ತೋಳಿನ ಹಿಂಬದಿಯ ತಯಾರಿಕಾ ಸಂಕೇತ ನೋಡದೆ ಹಣ ಕೊಡಬೇಡಿ.

ಹೆಜ್ಜೆ 4: ವಾರಂಟಿಯನ್ನು ಕೊಳ್ಳುವ ಮೊದಲೇ ಓದಿ

ಶಿಮಾನೊ ತನ್ನ ಬಿಡಿಭಾಗಗಳಿಗೆ ಸಾಮಾನ್ಯವಾಗಿ 2 ವರ್ಷ, ತನ್ನ ದುಬಾರಿ ಮಾಲಿಕೆಗಳಾದ ಡ್ಯುರಾ-ಏಸ್ ಮತ್ತು ಎಕ್ಸ್‌ಟಿಆರ್‌ಗೆ 3 ವರ್ಷ ಕೊಡುತ್ತದೆ. ಸ್ರಾಮ್, ಡಿಟಿ ಸ್ವಿಸ್ 2 ವರ್ಷ. ಕೆಲವು ಕಾರ್ಬನ್ ಗಾಲಿಗಳಿಗೆ ಮೊದಲ ಒಡೆಯನಿಗೆ ಆಜೀವ ವಾರಂಟಿ ಇದೆ. ಇವೆಲ್ಲವೂ ತಯಾರಿಕೆಯ ಅಥವಾ ಸಾಮಗ್ರಿಯ ದೋಷಕ್ಕೆ ಸಂಬಂಧಿಸಿದವು. ಸವೆತ, ತುಕ್ಕು, ಗುಂಡಿಗೆ ಬಿದ್ದ ಪೆಟ್ಟು, ತಪ್ಪಾಗಿ ಕೂರಿಸಿದ್ದು ಇದರಲ್ಲಿ ಸೇರುವುದಿಲ್ಲ. ಬಿದ್ದು ಮುರಿದದ್ದಕ್ಕೆ ಕೆಲವು ಕಂಪನಿಗಳು ಕಡಿಮೆ ಬೆಲೆಗೆ ಹೊಸದು ಕೊಡುವ ಪ್ರತ್ಯೇಕ ಯೋಜನೆ ನಡೆಸುತ್ತವೆ. ಸ್ಪರ್ಧೆಗಿಳಿಯುವವರಿಗೆ ಅದು ವಾರಂಟಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಅದು ಭಾರತದಲ್ಲಿ ಲಭ್ಯವಿದೆಯೇ ಎಂದು ಕೇಳಿ.

ಮಾರಾಟಗಾರರನ್ನು ಇಷ್ಟು ಕೇಳಿ, ಉತ್ತರವನ್ನು ವಾಟ್ಸ್‌ಆ್ಯಪ್‌ನಲ್ಲೋ ಇಮೇಲ್‌ನಲ್ಲೋ ಪಡೆಯಿರಿ:

- ವಾರಂಟಿ ಕೊಡುವವರು ತಯಾರಕರೋ, ಭಾರತದ ಆಮದುದಾರರೋ, ನೀವೋ?
- ಗಾಲಿಯನ್ನು ಎಲ್ಲಿಗೆ ಕಳಿಸಬೇಕು, ಹೋಗಿಬರುವ ಬಾಡಿಗೆ ಯಾರದು?
- ರಿಮ್ ಮಾತ್ರ ಕೆಟ್ಟರೆ ಮತ್ತೆ ಕಟ್ಟುವ ಕೂಲಿ, ಹೊಸ ಕಡ್ಡಿಯ ಬೆಲೆ ಸೇರಿದೆಯೇ?
- ಸ್ಪರ್ಧೆಯಲ್ಲಿ ಬಳಸಿದರೆ ವಾರಂಟಿ ಉಳಿಯುತ್ತದೆಯೇ?
- ಆನ್‌ಲೈನ್‌ನಲ್ಲಿ ನೋಂದಣಿ ಮಾಡಬೇಕೇ, ಎಷ್ಟು ದಿನದೊಳಗೆ?

ಮೊದಲ ಪ್ರಶ್ನೆಗೆ ಉತ್ತರ ಪೆಟ್ಟಿಗೆಯ ಮೇಲೆಯೇ ಸಿಗುತ್ತದೆ. ಕಾನೂನು ಮಾಪನ ನಿಯಮಗಳ ಪ್ರಕಾರ ಆಮದಾದ ಪೊಟ್ಟಣದ ಮೇಲೆ ಆಮದುದಾರರ ಹೆಸರು, ವಿಳಾಸ, ತಯಾರಾದ ದೇಶ, ಎಂಆರ್‌ಪಿ ಇರಬೇಕು. ಆ ಚೀಟಿ ಇಲ್ಲದ ಪೆಟ್ಟಿಗೆ ಅಧಿಕೃತ ದಾರಿಯಲ್ಲಿ ಬಂದಿಲ್ಲದಿರಬಹುದು, ಅಂಥದ್ದಕ್ಕೆ ಭಾರತದ ವಿತರಕರು ಹೊಣೆ ಹೊರುವುದಿಲ್ಲ. ವಿದೇಶಿ ಜಾಲತಾಣದಿಂದ ನೇರ ತರಿಸಿದರೂ ಸ್ಥಿತಿ ಅದೇ, ಮೇಲೆ ಸುಂಕ ಬೇರೆ.

ಹೆಜ್ಜೆ 5: ಬಿಲ್ಲು, ಪೆಟ್ಟಿಗೆ, ಮೊದಲ ತಪಾಸಣೆ

ಬಿಲ್ಲಿಲ್ಲದೆ ಕೊಳ್ಳಬೇಡಿ. ‘ಬಿಲ್ಲು ಬೇಡವಾದರೆ ಇನ್ನೂ ಐನೂರು ಕಡಿಮೆ’ ಎಂಬ ಮಾತಿಗೆ ಒಪ್ಪಿದ ಕ್ಷಣದಲ್ಲೇ ನಿಮ್ಮ ವಾರಂಟಿ ಮುಗಿಯುತ್ತದೆ. ಬಿಲ್ಲಿನಲ್ಲಿ ‘ಸೈಕಲ್ ಸಾಮಾನು’ ಎಂದಿದ್ದರೆ ಸಾಲದು, ಕಂಪನಿ, ಮಾದರಿ, ಕ್ರಮಸಂಖ್ಯೆ, ದಿನಾಂಕ ಬರೆಸಿ. ಉಷ್ಣ (ಥರ್ಮಲ್) ಕಾಗದದ ರಸೀದಿ ಬಿಸಿಲೂರಿನಲ್ಲಿ ತಿಂಗಳುಗಳಲ್ಲಿ ಅಳಿಸಿಹೋಗುತ್ತದೆ, ಅಂದೇ ಫೋಟೋ ತೆಗೆಯಿರಿ.

ಪಾರ್ಸೆಲ್ ಬಂದರೆ ಪೆಟ್ಟಿಗೆಯ ಆರೂ ಬದಿ ಕಾಣುವಂತೆ, ತೆರೆಯುವುದನ್ನು ಒಂದೇ ವಿಡಿಯೋದಲ್ಲಿ ತಡೆಯಿಲ್ಲದೆ ಚಿತ್ರೀಕರಿಸಿ. ಟೈರು ಹಾಕುವ ಮೊದಲು ಗಾಲಿಯನ್ನು ಫ್ರೇಮಿಗೆ ಕೂರಿಸಿ ತಿರುಗಿಸಿ, ರಿಮ್ ಬ್ರೇಕ್ ಪ್ಯಾಡಿನ ಬಳಿ ಅತ್ತಿತ್ತ ವಾಲುತ್ತದೆಯೇ, ಮೇಲೆ ಕೆಳಗೆ ಹಾರುತ್ತದೆಯೇ ನೋಡಿ. ಎರಡೆರಡು ಕಡ್ಡಿಗಳನ್ನು ಬೆರಳಿನಿಂದ ಒತ್ತಿ, ಒಂದೇ ಬದಿಯ ಕಡ್ಡಿಗಳ ಬಿಗಿ ಸರಿಸುಮಾರು ಸಮನಾಗಿರಬೇಕು. ಹಿಂದಿನ ಗಾಲಿಯ ಬಲಬದಿ ಎಡಕ್ಕಿಂತ ಬಿಗಿ ಇರುವುದು ಸಹಜ. ಅಚ್ಚನ್ನು ಬೆರಳಲ್ಲಿ ತಿರುಗಿಸಿದಾಗ ಮರಳು ಸಿಕ್ಕಂಥ ತಡೆ ಇರಬಾರದು. ಟೈರು ಹಾಕಿ ಓಡಿಸಿದ ಮೇಲೆ ‘ಬಂದಾಗಲೇ ಹೀಗಿತ್ತು’ ಎಂದು ಸಾಧಿಸುವುದು ಕಷ್ಟ.

ಕಾರ್ಖಾನೆಯಲ್ಲಿ ಯಂತ್ರದಿಂದ ಕಟ್ಟಿದ ಗಾಲಿ ಮೊದಲ ಒಂದೆರಡು ನೂರು ಕಿಲೋಮೀಟರಿನಲ್ಲಿ ಸ್ವಲ್ಪ ಸಡಿಲಗೊಳ್ಳುತ್ತದೆ. ಆ ಹೊತ್ತಿಗೆ ಕೈಪಳಗಿದ ಮಿಸ್ತ್ರಿಯಿಂದ ಬಿಗಿ ಸರಿಪಡಿಸಿ, ಅದಕ್ಕೂ ಒಂದು ಚೀಟಿ ಪಡೆಯಿರಿ. ಕಡ್ಡಿಗಳು ಹೆಚ್ಚಾಗಿ ಮುರಿಯುವುದು ಬಿಗಿ ಕಡಿಮೆಯಾಗಿ, ಪ್ರತಿ ಸುತ್ತಿನಲ್ಲೂ ಸಡಿಲವಾಗಿ ಮತ್ತೆ ಎಳೆದುಕೊಂಡು ಲೋಹ ದಣಿಯುವುದರಿಂದ. ಈ ಒಂದು ಕೆಲಸ ವಾರಂಟಿಯ ಅಗತ್ಯವನ್ನೇ ಬಹಳ ಮಟ್ಟಿಗೆ ತಪ್ಪಿಸುತ್ತದೆ.

ಹೆಜ್ಜೆ 6: ಕೆಟ್ಟಾಗ, ದೋಷವೋ ಪೆಟ್ಟೋ ಗುರುತಿಸಿ

ದೂರು ಕೊಡುವ ಮೊದಲು ಕಂಪನಿಯ ತಪಾಸಕನ ಕಣ್ಣಿನಿಂದ ಗಾಲಿಯನ್ನು ನೋಡಿ. ಅವನು ಹುಡುಕುವುದು ಪೆಟ್ಟಿನ ಗುರುತನ್ನು. ರಿಮ್ಮಿನ ಅಂಚು ಒಂದೇ ಜಾಗದಲ್ಲಿ ಒಳಗೆ ಬಾಗಿ, ಅದೇ ಜಾಗದಲ್ಲಿ ಟ್ಯೂಬಿಗೆ ಹಾವು ಕಚ್ಚಿದಂತೆ ಎರಡು ತೂತು ಬಿದ್ದಿದ್ದರೆ ಅದು ಗುಂಡಿಯ ಪೆಟ್ಟು, ವಾರಂಟಿ ಕೇಳಿ ಕಾಲ ಕಳೆಯಬೇಡಿ. ಆದರೆ ರಿಮ್ಮಿನಲ್ಲಿ ಎಲ್ಲೂ ಪೆಟ್ಟಿಲ್ಲದೆ ಕಡ್ಡಿಯ ತೂತಿನ ಸುತ್ತ, ಅದರಲ್ಲೂ ಹಲವು ತೂತುಗಳಲ್ಲಿ, ಬಿರುಕು ಕಂಡರೆ ಅದು ಅತಿ ಬಿಗಿಯ ಅಥವಾ ರಿಮ್ಮಿನ ದೋಷದ ಲಕ್ಷಣ. ಹಬ್ಬಿನ ಕಿವಿ, ಅಂದರೆ ಕಡ್ಡಿ ಸಿಕ್ಕಿಸುವ ಬಳೆ, ಬಿರುಕು ಬಿಟ್ಟರೂ ಹಾಗೆಯೇ. ಹೊಸ ಗಾಲಿಯಲ್ಲಿ ಕಡ್ಡಿಗಳು ಒಂದಾದ ಮೇಲೊಂದು ತಲೆಯ ಬಾಗಿನ ಬಳಿ ಮುರಿದರೆ ಅದು ಕಟ್ಟುವಿಕೆಯ ದೋಷ. ಒಂದೇ ಕಡ್ಡಿ ನಡುವೆ ಗೀರುಬಿದ್ದು ಮುರಿದಿದ್ದರೆ ಚೈನು ಬಿದ್ದೋ ಕಲ್ಲು ತಾಗಿಯೋ ಆಗಿರಬಹುದು.

ತಿರುಪಿನ ಫ್ರೀವ್ಹೀಲ್ ಹಬ್ಬಿನಲ್ಲಿ ಹಿಂದಿನ ಅಚ್ಚು ಬಾಗುವುದು, ಮುರಿಯುವುದು ನಮ್ಮಲ್ಲಿ ಬಹಳ. ಅದರ ಬಲಬದಿಯ ಬೇರಿಂಗು ಫ್ರೇಮಿನಿಂದ ದೂರ ಒಳಗಿರುವುದರಿಂದ ಭಾರವೆಲ್ಲ ಅಚ್ಚಿನ ಹೊರಚಾಚಿದ ತುದಿಯ ಮೇಲೆ ಬೀಳುತ್ತದೆ. ಅದಕ್ಕೆ ವಾರಂಟಿ ಸಿಗುವುದು ವಿರಳ, ಅಚ್ಚು ಮಾತ್ರ ಅಗ್ಗಕ್ಕೆ ಸಿಗುತ್ತದೆ. ಸರಂಜಾಮು ಹೇರುವವರು ಮುಂದಿನ ಸಲ ಕ್ಯಾಸೆಟ್ ಹಬ್ಬಿಗೆ ಬದಲಾಯಿಸಿದರೆ ಈ ಕಾಟ ತಪ್ಪುತ್ತದೆ.

ಗೇರು ಜಾರುತ್ತಿದೆ ಎಂದು ಕ್ಯಾಸೆಟ್ಟಿನ ಮೇಲೆ ದೂರು ಕೊಡುವವರು ಮೊದಲು ಚೈನನ್ನು ಅಳೆಯಿರಿ. ಹೊಸ ಚೈನಿನ 24 ಕೊಂಡಿ ಸರಿಯಾಗಿ 12 ಇಂಚು. ಅದು 12 1/16 ಇಂಚಾದರೆ ಸವೆತ ಶೇ 0.5 ದಾಟಿದೆ, 11, 12 ಗೇರಿನವರು ಬದಲಾಯಿಸಬೇಕು. 12 1/8 ಆಗಿದ್ದರೆ ಹಲ್ಲುಗಳೂ ಸವೆದಿರುತ್ತವೆ, ಅದು ದೋಷವಲ್ಲ. ಎರೆಮಣ್ಣಿನ ಧೂಳಿನಲ್ಲಿ ಎಣ್ಣೆ ಒರೆಸದೆ ಓಡಿಸಿದ ಚೈನು ಬೇಗ ಈ ಗತಿಗೆ ಬರುತ್ತದೆ.

ದೂರಿಗೆ ಬೇಕಾದ ಫೋಟೋಗಳು: ಇಡೀ ಸೈಕಲ್ಲು, ಇಡೀ ಗಾಲಿ, ಕೆಟ್ಟ ಜಾಗ ಹತ್ತಿರದಿಂದ ಎರಡು ಕೋನದಲ್ಲಿ, ಕ್ರಮಸಂಖ್ಯೆ, ಟೈರಿನ ಅಳತೆ, ಬಿಲ್ಲು. ತೊಳೆದು ಒರೆಸಿ ತೆಗೆಯಿರಿ, ಕೆಸರಿನಡಿ ಬಿರುಕು ಕಾಣುವುದಿಲ್ಲ. ಬರವಣಿಗೆ ಚಿಕ್ಕದಿರಲಿ: ಕೊಂಡ ದಿನ, ಅಂದಾಜು ಓಡಿದ ದೂರ, ಸವಾರನ ತೂಕ, ತೊಂದರೆ ಮೊದಲು ಕಂಡ ದಿನ, ನಿಮಗೆ ಬೇಕಾದ ಪರಿಹಾರ. ಬಿರುಕು ಕಂಡ ಮೇಲೂ ಓಡಿಸಿದ್ದರೆ ದೂರು ದುರ್ಬಲವಾಗುತ್ತದೆ, ಪ್ರಾಣಕ್ಕೂ ಅಪಾಯ. ಕಂಡ ದಿನವೇ ಗಾಲಿ ಬಿಚ್ಚಿಡಿ. ಅಂಗಡಿಯವರಿಗೂ ಭಾರತದ ವಿತರಕರಿಗೂ ಒಂದೇ ಇಮೇಲ್ ಒಟ್ಟಿಗೆ ಕಳಿಸಿ, ಆಗ ಒಬ್ಬರು ಇನ್ನೊಬ್ಬರತ್ತ ಕೈ ತೋರಿಸುವುದು ಕಡಿಮೆಯಾಗುತ್ತದೆ.

ಹೆಜ್ಜೆ 7: ಒಪ್ಪದಿದ್ದರೆ

ಬಿಲ್ಲಿನ ಕೆಳಗೆ ‘ಮಾರಿದ ಮಾಲನ್ನು ಹಿಂಪಡೆಯುವುದಿಲ್ಲ’ ಎಂದು ಅಚ್ಚಾಗಿದ್ದರೆ ಎದೆಗುಂದಬೇಡಿ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಬಿಲ್ಲು ಕೊಡದಿರುವುದು ಅನುಚಿತ ವ್ಯಾಪಾರ. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳದಿದ್ದರೆ 30 ದಿನದಲ್ಲಿ ಹಿಂಪಡೆಯಲು ನಿರಾಕರಿಸುವುದೂ ಅನುಚಿತ ವ್ಯಾಪಾರವೇ. ಆನ್‌ಲೈನ್ ಮಳಿಗೆಗಳಿಗೆ 2020ರ ಇ-ವಾಣಿಜ್ಯ ನಿಯಮಗಳು ಅನ್ವಯಿಸುತ್ತವೆ: ದೂರು ಅಧಿಕಾರಿ 48 ಗಂಟೆಯೊಳಗೆ ದೂರು ಸ್ವೀಕರಿಸಿದ್ದನ್ನು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಆ ಅಧಿಕಾರಿಯ ಹೆಸರು, ಸಂಪರ್ಕ ಜಾಲತಾಣದಲ್ಲಿ ಇರಲೇಬೇಕು. ಗ್ರಾಹಕ ಸೇವೆಯ ಚಾಟ್‌ನಲ್ಲಿ ತಿಂಗಳುಗಟ್ಟಲೆ ಮಾತಾಡುವ ಬದಲು ಅವರಿಗೇ ಬರೆಯಿರಿ.

ಅದಕ್ಕೂ ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಇದು ನ್ಯಾಯಾಲಯವಲ್ಲ, ಕಂಪನಿಗೆ ದೂರನ್ನು ತಲುಪಿಸಿ ಉತ್ತರ ತರಿಸುವ ವ್ಯವಸ್ಥೆ. ಹಲವು ಸಣ್ಣ ತಕರಾರುಗಳು ಇಲ್ಲಿಯೇ ಮುಗಿಯುತ್ತವೆ.

ಕೊನೆಯದು ಜಿಲ್ಲಾ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ಇದೆ. ನಮ್ಮ ಭಾಗದವರಿಗೆ ಅನುಕೂಲವಾದ ಅಂಶವೆಂದರೆ, ಮಾರಾಟಗಾರರು ಬೆಂಗಳೂರಿನಲ್ಲಿರಲಿ ಲುಧಿಯಾನದಲ್ಲಿರಲಿ, ನೀವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಆನ್‌ಲೈನ್‌ನಲ್ಲಿಯೂ ಸಲ್ಲಿಸಬಹುದು. ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು. ಮರುಮಾರಾಟಕ್ಕೆಂದು ಕೊಂಡ ವಸ್ತುವಿಗೆ ಈ ದಾರಿಯಿಲ್ಲ, ಆದ್ದರಿಂದ ಗುಂಪಿನಲ್ಲಿ ತರಿಸುವಾಗ ದುಬಾರಿ ವಸ್ತುವಿನ ಬಿಲ್ಲನ್ನು ಬಳಸುವವರ ಹೆಸರಿನಲ್ಲಿಯೇ ಮಾಡಿಸಿ.

ಕಾಯ್ದೆಯ ಗಡುವು ಮೂರು ತಿಂಗಳು, ವಸ್ತುವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕಾದರೆ ಐದು ತಿಂಗಳು. ವಾಸ್ತವದಲ್ಲಿ ಹೆಚ್ಚೇ ಹಿಡಿಯಬಹುದು. ಸ್ಪರ್ಧೆಯ ಹಂಗಾಮು ಅಷ್ಟು ದಿನ ಕಾಯುವುದಿಲ್ಲವಾದ್ದರಿಂದ ಬೇರೆ ಗಾಲಿ ಹೊಂದಿಸಿಕೊಂಡು ಅದರ ಬಿಲ್ಲನ್ನೂ ಇಟ್ಟುಕೊಳ್ಳಿ. ದೂರಿನಲ್ಲಿ ಗಾಲಿಯ ಬೆಲೆ, ಕಳಿಸಿದ ಬಾಡಿಗೆ, ಅನಿವಾರ್ಯವಾಗಿ ಮಾಡಿದ ಖರ್ಚು ಎಲ್ಲವನ್ನೂ ಪ್ರತ್ಯೇಕ ಸಾಲುಗಳಲ್ಲಿ ಕೇಳಬಹುದು. ಕೆಟ್ಟ ಗಾಲಿಯನ್ನು ಮಾತ್ರ ಆದೇಶ ಬರುವವರೆಗೆ ಬಿಚ್ಚಿಸಬೇಡಿ, ಕಡ್ಡಿ ಬದಲಾಯಿಸಬೇಡಿ, ಗುಜರಿಗೆ ಹಾಕಬೇಡಿ. ಬಟ್ಟೆಯಲ್ಲಿ ಸುತ್ತಿ, ಬಿಲ್ಲಿನ ಪ್ರತಿಯನ್ನು ಕಟ್ಟಿ, ಮಳೆ ತಾಗದ ಕಡೆ ಇಡಿ. ಆಯೋಗ ಪರೀಕ್ಷೆಗೆ ಕಳಿಸಲು ಕೇಳಿದರೆ ಕೊಡಬೇಕಾದದ್ದು ಅದನ್ನೇ.